ಅಂಜನದಲ್ಲಿ ಕೊಲೆಗಾರ ಕಂಡುಬಿಟ್ರೆ ಪತ್ತೇದಾರಿ ಕಥೆಗೆ ಏನು ಉಳಿಯುತ್ತೆ?

ಪೇಟೆಬೆಕ್ಕು:
ನಮಸ್ಕಾರ ಎಲ್ರಿಗೂ. ಒಂದು ಕಾದಂಬರಿ ಬರೀತಿದೀನಿ, ಅರ್ಧಕ್ಕೆ ಸಿಕ್ಕಾಕೊಂಡಿದೀನಿ. ಈಗಿನ ಬೆಂಗಳೂರು, ಮೂರು ಜನ ಮಾಟಗಾತಿಯರು, ಒಬ್ಬಳದ್ದು ಅವೆನ್ಯೂ ರೋಡಲ್ಲಿ ಹಳೇ ಪುಸ್ತಕದ ಅಂಗಡಿ, ಒಬ್ಬಳು ಸರ್ಕಾರಿ ಆಸ್ಪತ್ರೆ ನರ್ಸು, ಇನ್ನೊಬ್ಬಳು ವೈಟ್‌ಫೀಲ್ಡಲ್ಲಿ ಸಾಫ್ಟ್‌ವೇರು. ಕರಗದ ರಾತ್ರಿ ತಿಗಳರಪೇಟೆ ಗಲ್ಲಿಲಿ ಇವರಿಗೆ ವಿದ್ಯೆ ಕಲಿಸಿದ ಅಜ್ಜಿ ಸತ್ತುಬಿದ್ದಿರ್ತಾಳೆ, ಎಲ್ರೂ ಹಾರ್ಟ್ ಅಟ್ಯಾಕು ಅಂತಾರೆ, ಇವರಿಗೆ ಮಾತ್ರ ಕೊಲೆ ಅಂತ ಗೊತ್ತು. ಪ್ರಾಬ್ಲಮ್ ಏನಂದ್ರೆ ಇವರಿಗೆ ಅಂಜನ ಹಾಕೋಕೆ ಬರುತ್ತಲ್ಲ, ವೀಳ್ಯದೆಲೆಗೆ ಕಪ್ಪು ಸವರಿ ನೋಡಿದ್ರೆ ಕೊಲೆಗಾರ ಕಾಣ್ಬೇಕು, ಕಥೆ ನಾಲ್ಕನೇ ಚಾಪ್ಟರಿಗೇ ಖಲಾಸ್. ಆವತ್ತು ಅಂಜನ ಕೈಕೊಡ್ತು ಅಂತ ಬರೆದ್ರೆ ನೀವೇ ಬೈತೀರ. ಏನ್ ಮಾಡ್ಲಿ?

ಓದುಗುಳಿ:
ಬೈತೀವಿ, ಖಂಡಿತ 😄 ರೊನಾಲ್ಡ್ ನಾಕ್ಸ್ ಅಂತ ಒಬ್ಬ ಪಾದ್ರಿ ಪತ್ತೇದಾರಿ ಕಥೆ ಬರೆಯೋರಿಗೆ 1929ರಲ್ಲಿ ಹತ್ತು ಕಟ್ಟಳೆ ಹಾಕಿದ್ದ, ಅದರಲ್ಲಿ ದೆವ್ವ ದೇವ್ರು ಯಾವುದೂ ಒಳಗೆ ಬರಂಗಿಲ್ಲ ಅಂತಾನೂ ಇತ್ತು. ನಿಮ್ಮ ಕಥೆಲಿ ಅದನ್ನ ಮುರೀಲೇಬೇಕು, ಮುರೀರಿ, ಆದ್ರೆ ಮಾಟ ಎಲ್ಲಿವರೆಗೆ ನಡೆಯುತ್ತೆ ಅನ್ನೋದು ಕೊಲೆಗಿಂತ ಮುಂಚೆನೇ ಓದುಗನಿಗೆ ಗೊತ್ತಿರ್ಬೇಕು.

ಆಮೇಲೆ ಅಂಜನಕ್ಕೆ ನೀವು ಹೊಸ ಮಿತಿ ಕಟ್ಟೋದೇ ಬೇಡ, ಹಳ್ಳಿ ಕಡೆ ಕಳುವಾದ ಒಡವೆಗೆ ಅಂಜನ ಹಾಕ್ಸುವಾಗ ನೋಡೋದು ಸಾಮಾನ್ಯ ಒಂದು ಮಗು, ಹಾಕಿದೋನು ಕೇಳ್ತಾ ಹೋಗ್ತಾನೆ ಮಗು ಕಂಡದ್ದು ಹೇಳ್ತಾ ಹೋಗುತ್ತೆ. ಅಂದ್ರೆ ನಿಮ್ಮ ಮೂವರಿಗೂ ಮುಖ ಕಾಣಲ್ಲ, ಆರು ವರ್ಷದ ಮಗುವಿನ ಮಾತು ಅಷ್ಟೇ ಸಿಗೋದು. ಮಗು ಅನ್ನುತ್ತೆ, ಬರೀಮೈ, ಪೇಟ ಸುತ್ಕೊಂಡಿದಾನೆ, ಕೈಲಿ ಕತ್ತಿ. ಕರಗದ ರಾತ್ರಿ ಅಂಥ ವೀರಕುಮಾರರು, ಅದೇ ಕರಗದ ಜೊತೆ ಕತ್ತಿ ಹಿಡಿದು ಹೋಗೋರು, ನೂರಾರು ಜನ! ಅಂಜನ ಸುಳ್ಳೂ ಹೇಳ್ಲಿಲ್ಲ, ಉಪಯೋಗಕ್ಕೂ ಬರ್ಲಿಲ್ಲ.

ಕಾಟನ್‌ಪೇಟೆ ಹೈದ:
ಐಡಿಯಾ ಸೂಪರ್ ಗುರು, ಆದ್ರೆ ನಿಜವಾದ ವೀರಕುಮಾರನ್ನೇ ಕೊಲೆಗಾರ ಮಾಡ್ಬೇಡಿ ದಯವಿಟ್ಟು. ವ್ರತ ಹಿಡಿದು ಮಾಡೋ ಸೇವೆ ಅದು. ವೇಷ ಹಾಕ್ಕೊಂಡು ಒಳಗೆ ನುಗ್ಗಿದೋನು ಅಂತಿರ್ಲಿ, ಅವನ್ನ ಮೊದಲು ಗುರುತು ಹಿಡಿಯೋದೂ ಒಬ್ಬ ವೀರಕುಮಾರನೇ ಆಗ್ಲಿ, ಕತ್ತಿ ಹಿಡಿಯೋ ರೀತಿ ನೋಡಿ. ಕರಗ ಮಸ್ತಾನ್ ಸಾಬ್ ದರ್ಗಾಕ್ಕೆ ಹೋಗುತ್ತಲ್ಲ, ಆ ಜಾಗ ಬಿಡ್ಬೇಡಿ.

ಕರಿಕೋಟು:
ವಕೀಲಿಕೆ ಮಾಡ್ತೀನಿ, ನನಗೆ ಮಜಾ ಅನ್ಸಿದ್ದು ಬೇರೆ. ಯಾರು ಅಂತ ಗೊತ್ತಾಯ್ತು ಅಂತಿಟ್ಕೊಳ್ಳಿ, ಸಾಬೀತು ಹೇಗೆ? ಮಗು ವೀಳ್ಯದೆಲೆಲಿ ಕಂಡಿದ್ದನ್ನ ಯಾವ ಜಡ್ಜೂ ಒಪ್ಪಲ್ಲ. ಸ್ಟೇಷನ್ನಿಗೆ ಹೋಗಿ ಅಂಜನ ಹಾಕಿದ್ವಿ ಅಂದ್ರೆ ಇವರನ್ನೇ ಒಳಗೆ ಕೂರಿಸಿ ವಿಚಾರಿಸ್ತಾರೆ, ಕರ್ನಾಟಕದಲ್ಲಿ ಮಾಟಮಂತ್ರದ ವಿರುದ್ಧ 2017ರ ಕಾಯ್ದೆ ಇದೆ, 2020ರ ಜನವರಿಯಿಂದ ಜಾರಿಲಿದೆ. ಹಾಗಾಗಿ ಮಾಟದಿಂದ ತಿಳಿದದ್ದಕ್ಕೆ ಮಾಟ ಇಲ್ಲದ ಪುರಾವೆ ಹುಡುಕೋದೇ ನಿಮ್ಮ ಕಾದಂಬರಿ. ಅಜ್ಜಿಗೆ ವಿಷ ಹಾಕಿದ್ರು ಅನ್ನಿ, ಪೋಸ್ಟ್‌ಮಾರ್ಟಮ್ ಆಗಿಲ್ಲ, ಸುಟ್ಟುಬಿಟ್ರೆ ಮುಗೀತು, ಅದಕ್ಕೆ ಅಜ್ಜಿನ ಹೂಳಿಸಿ. ಹೂತ ಹೆಣ ಮ್ಯಾಜಿಸ್ಟ್ರೇಟ್ ಆರ್ಡರ್ ಇದ್ರೆ ಹೊರಗೆ ತೆಗೀಬಹುದು, ಸ್ಯಾಂಪಲ್ಲು ಮಡಿವಾಳದ ಎಫ್‌ಎಸ್‌ಎಲ್‌ಗೆ, ಅಂದ್ರೆ ಸರ್ಕಾರಿ ಫೊರೆನ್ಸಿಕ್ ಲ್ಯಾಬಿಗೆ ಹೋಗುತ್ತೆ. ಆ ಆರ್ಡರ್ ಹೊರಡೋ ಹಾಗೆ ಅನುಮಾನ ಹುಟ್ಟಿಸೋದು ನರ್ಸಮ್ಮನ ಕೆಲಸ. ಅಂದಹಾಗೆ ಕೊಲೆ ಕೇಸಿಗೆ ಹಳೇ ಐಪಿಸಿ ಸೆಕ್ಷನ್ 302 ಅಂತ ಬರೀಬೇಡಿ, 2024ರ ಜುಲೈ 1ರಿಂದ ಆಗಿರೋ ಕೊಲೆಗೆ ಹೊಸ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಸೆಕ್ಷನ್ 103.

ಕಾಡುಮಲ್ಲಿಗೆ:
ಕೊಲೆ ಯಾಕಾಯ್ತು ಅನ್ನೋದನ್ನ ಯಾರೂ ಕೇಳ್ಲಿಲ್ಲ. ನಮ್ಮ ದೇಶದಲ್ಲಿ ಮಾಟಗಾತಿ ಅಂತ ಹೆಸರಿಟ್ಟು ಹೆಂಗಸರನ್ನ ನಿಜವಾಗ್ಲೂ ಕೊಲ್ತಾರೆ, ಜಾರ್ಖಂಡ್ 2001ರಲ್ಲೇ ಇದಕ್ಕೆ ಕಾನೂನು ತರ್ಬೇಕಾಯ್ತು, ಅಸ್ಸಾಮಲ್ಲಿ ಬಿರುಬಾಲಾ ರಾಭಾ ಜೀವಮಾನ ಪೂರ್ತಿ ಇದರ ವಿರುದ್ಧವೇ ಹೋರಾಡಿದ್ರು, 2021ರಲ್ಲಿ ಪದ್ಮಶ್ರೀ ಬಂತು. ಎಷ್ಟೋ ಕೇಸಲ್ಲಿ ಒಳಗಿರೋದು ಒಂಟಿ ಹೆಂಗಸಿನ ಜಮೀನಿನ ಮೇಲಿನ ಆಸೆ. ನಿಮ್ಮ ಅಜ್ಜಿಗೂ ಪೇಟೆಲಿ ಒಂದು ಹಳೇ ಮನೆ ಕೊಡಿ, ಈಗಿನ ರೇಟಿಗೆ ಅದು ಸಾಕು. ಕೊಲೆಗಾರ ಮಾಟ ಗೀಟ ನಂಬೋನೇ ಅಲ್ಲ, ಮನೆ ಖಾಲಿ ಮಾಡ್ಸೋಕೆ ಅಜ್ಜಿ ಮಾಟಗಾತಿ ಅಂತ ಸುಳ್ಳು ಹಬ್ಬಿಸಿದ, ಅದು ನಿಜ ಅಂತ ಅವನಿಗೆ ಗೊತ್ತೇ ಇಲ್ಲ.

ಓದುಗುಳಿ:
ಅಯ್ಯೋ ಇದು ಚೆನ್ನಾಗಿದೆ!! ಹಾಗಾದ್ರೆ ಬೀದಿ ಜನ ಬಾಗಿಲ ಮೇಲೆ ನಾಳೆ ಬಾ ಅಂತ ಬರೆದಿರ್ತಾರೆ, 90ರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟೋ ದೆವ್ವ ಅದನ್ನ ಓದಿ ವಾಪಸ್ ಹೋಗ್ಲಿ ಅಂತ ಬರೆದಿದ್ರಲ್ಲ ಹಾಗೆ. ಆ ಕೊಲೆಗಾರನೊಬ್ಬನ ಮನೆ ಬಾಗಿಲು ಮಾತ್ರ ಖಾಲಿ, ಸುಳ್ಳು ಅಂತ ಗೊತ್ತಿರೋದು ಅವನಿಗೊಬ್ಬನಿಗೇ ಅಲ್ವಾ.

ಪೇಟೆಬೆಕ್ಕು:
ಆ ಬಾಗಿಲು ಎರಡನೇ ಚಾಪ್ಟರಲ್ಲೇ ತೋರಿಸ್ಬಿಡ್ತೀನಿ, ಯಾರೂ ಗಮನಿಸದ ಹಾಗೆ. ಅಜ್ಜಿನ ಹೂಳೋದು ಪಕ್ಕಾ. ಕರಿಕೋಟು ಸರ್, ಸತ್ತು ಎರಡು ತಿಂಗಳಾದ ಮೇಲೂ ಸಿಗೋ ಅಂಥ ವಿಷ ಯಾವುದಿದೆ?

ಕರಿಕೋಟು:
ಸಂಖಪಾಷಾಣ. ಆರ್ಸೆನಿಕ್ಕು ಕೂದಲು ಉಗುರಲ್ಲಿ ವರ್ಷಗಟ್ಟಲೆ ಉಳಿಯುತ್ತೆ, ಆದ್ರೆ ಒಂದೇ ಸಲ ಕೊಟ್ಟು ಆವತ್ತೇ ಸತ್ರೆ ಕೂದಲಿಗೆ ಇಳಿಯೋಕೆ ಟೈಮಿರಲ್ಲ. ಒಂದಷ್ಟು ವಾರ ಸ್ವಲ್ಪ ಸ್ವಲ್ಪ ಕೊಟ್ಟ ಅಂತ ಮಾಡಿ. ಆಗ ದಿನಾ ಅಜ್ಜಿಗೆ ಕಾಫಿ ತಂದ್ಕೊಡ್ತಿದ್ದೋರು ಯಾರು ಅಂತ ಅಕ್ಕಪಕ್ಕದ ಮನೇಲಿ ಕೇಳಿದ್ರೂ ಸಾಕು.