ಸ್ಯಾಂಕ್ಷನ್ ಅಂದ್ರೆ ಮಂಜೂರಾ, ನಿರ್ಬಂಧನಾ?

ಪ್ರಶ್ನೆ: ನಮಸ್ತೆ ಸರ್, ನಮ್ದು ಕಾಫಿ ಎಕ್ಸ್‌ಪೋರ್ಟ್ ಆಫೀಸು. ಬ್ಯಾಂಕಿಂದ ಒಂದು ಫಾರ್ಮ್ ಬಂದಿದೆ, ‘ನಿಮ್ಮ ಬಯರ್ ಸ್ಯಾಂಕ್ಷನ್ಡ್ ಪಾರ್ಟಿನಾ? ಯೆಸ್ ಆರ್ ನೋ’ ಅಂತ ಕೇಳಿದ್ದಾರೆ. ಲೋನ್ ಸ್ಯಾಂಕ್ಷನ್ ಆಯ್ತು, ರಜಾ ಸ್ಯಾಂಕ್ಷನ್ ಆಯ್ತು ಅಂತೀವಲ್ಲ, ಹಂಗಾದ್ರೆ ಯೆಸ್ ಹಾಕೋದಾ? ಆದ್ರೆ ಪೇಪರಲ್ಲಿ ರಷ್ಯಾ ಮೇಲೆ ಸ್ಯಾಂಕ್ಷನ್ಸ್ ಅಂತಾನೂ ಬರುತ್ತೆ, ಒಂದೇ ಪದಕ್ಕೆ ಎರಡೂ ಅರ್ಥ ಹೆಂಗೆ?

ಉತ್ತರ (ಇಂಗ್ಲಿಷ್ ಮೇಷ್ಟ್ರು): ದಯವಿಟ್ಟು ಯೆಸ್ ಹಾಕ್ಬೇಡಿ, ನಿಮ್ಮ ಬಯರ್ ನಿರ್ಬಂಧದ ಪಟ್ಟಿಲಿದಾನೆ ಅಂತ ನೀವೇ ಬರ್ಕೊಟ್ಟಂಗಾಗುತ್ತೆ. ಹಾಗಂತ ಕಣ್ಮುಚ್ಕೊಂಡು ನೋ ಅಂತಾನೂ ಹಾಕ್ಬೇಡಿ, ಬಯರ್ ಹೆಸರು, ಮಾಲೀಕರ ಹೆಸರು ಎರಡನ್ನೂ ಬ್ಯಾಂಕಿನವರ ಹತ್ರ ಚೆಕ್ ಮಾಡ್ಸಿ ಆಮೇಲೆ ಸಹಿ ಹಾಕಿ.

ಇದರ ಮೂಲ ಲ್ಯಾಟಿನ್ನು, ‘ಸಾಂಕೀರೆ’ ಅಂದ್ರೆ ಪವಿತ್ರ ಮಾಡೋದು, ಯಾರೂ ಮೀರಬಾರದು ಅಂತ ಕಟ್ಟು ಹಾಕೋದು. ಸೇಂಟ್, ಸ್ಯಾಂಕ್ಚುಯರಿ ಎಲ್ಲಾ ಇದೇ ಬೇರು. ರೋಮನ್ನರ ಕಾಯ್ದೆಗಳಲ್ಲಿ ‘ಸಾಂಕ್ಟಿಯೋ’ ಅಂತ ಒಂದು ಭಾಗ ಇರ್ತಿತ್ತು, ಕಾಯ್ದೆ ಮುರಿದ್ರೆ ಏನು ಶಿಕ್ಷೆ ಅಂತ ಅದ್ರಲ್ಲಿ ಹೇಳ್ತಿದ್ರು. ಕಾಯ್ದೆಗೆ ಮುದ್ರೆ ಒತ್ತೋದು, ಮುರಿದವನಿಗೆ ದಂಡ ಹಾಕೋದು, ಎರಡೂ ಒಂದೇ ಅಧಿಕಾರದ ಕೆಲಸ ನೋಡಿ, ಅಲ್ಲಿಂದಾನೇ ಪದ ಎರಡು ದಾರಿ ಹಿಡಿದಿದ್ದು. 1935ರಲ್ಲಿ ಇಥಿಯೋಪಿಯಾ ಮೇಲೆ ದಾಳಿ ಮಾಡಿದ ಇಟಲಿ ಮೇಲೆ ಲೀಗ್ ಆಫ್ ನೇಷನ್ಸ್ (ವಿಶ್ವಸಂಸ್ಥೆಗಿಂತ ಮುಂಚೆ ಇದ್ದ ದೇಶಗಳ ಕೂಟ) ಹಾಕಿದ್ದೂ ಸ್ಯಾಂಕ್ಷನ್ಸೇ. ನಮಗೂ ತಟ್ಟಿದೆ, 1998ರ ಪೋಖ್ರಾನ್ ಅಣುಬಾಂಬ್ ಪರೀಕ್ಷೆ ಆದ್ಮೇಲೆ ಅಮೆರಿಕ ಹಾಕಿದ ಸ್ಯಾಂಕ್ಷನ್ಸಿಂದ ಬೆಂಗಳೂರಲ್ಲಿ ನಡೀತಿದ್ದ ತೇಜಸ್ ವಿಮಾನದ ಕೆಲಸಕ್ಕೆ ದೊಡ್ಡ ಪೆಟ್ಟು ಬಿತ್ತು.

ಗುರುತು ಹಿಡಿಯೋದು ಕಷ್ಟ ಇಲ್ಲ. ಏನನ್ನ ಸ್ಯಾಂಕ್ಷನ್ ಮಾಡಿದ್ರು ಅಂತ ಕೇಳ್ಕೊಳ್ಳಿ. ಲೋನು, ಪೋಸ್ಟು, ಮನೆ ಪ್ಲಾನು, ಕರೆಂಟ್ ಬಿಲ್ಲಲ್ಲಿರೋ ಲೋಡು ಆದ್ರೆ ಸಾಮಾನ್ಯವಾಗಿ ಮಂಜೂರು. ಮನುಷ್ಯ, ಕಂಪನಿ, ದೇಶ, ಹಡಗು ಆದ್ರೆ ಹೆಚ್ಚಾಗಿ ದಂಡನೆ. ಇನ್ನು ‘ಸ್ಯಾಂಕ್ಷನ್ಸ್’ ಅಂತ ಬಹುವಚನದಲ್ಲಿ ಬಂದು ಮುಂದೆ ‘ಆನ್’ ಅಥವಾ ‘ಅಗೇನ್ಸ್ಟ್’ ಇದ್ರೆ ಡೌಟೇ ಬೇಡ, ದಂಡನೆನೇ.

ಇನ್ನೊಬ್ಬರು: ಹಂಗಾದ್ರೆ ಲಂಚದ ಕೇಸಲ್ಲಿ ‘ಅಧಿಕಾರಿ ವಿರುದ್ಧ ಪ್ರಾಸಿಕ್ಯೂಷನ್ನಿಗೆ ಸ್ಯಾಂಕ್ಷನ್’ ಅಂತಾರಲ್ಲ ಸರ್, ಅದು ಶಿಕ್ಷೆನಾ?

ಉತ್ತರ: ಒಳ್ಳೆ ಪ್ರಶ್ನೆ, ಬಹಳ ಜನ ಇಲ್ಲೇ ಎಡವೋದು. ಅದು ಅನುಮತಿ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸರ್ಕಾರಿ ನೌಕರರ ಮೇಲೆ ಕೋರ್ಟಲ್ಲಿ ಕೇಸ್ ನಡೆಸೋಕೆ ಮೊದಲು ಮೇಲಿನವರ ಒಪ್ಪಿಗೆ ಬೇಕು, ಸ್ಯಾಂಕ್ಷನ್ ಆಗೋದು ಪ್ರಾಸಿಕ್ಯೂಷನ್ನು, ಆ ಅಧಿಕಾರಿ ಅಲ್ಲ. ತಪ್ಪು ಮಾಡಿದಾನೋ ಇಲ್ವೋ ಅಂತ ಕೋರ್ಟು ಇನ್ನೂ ನೋಡ್ಬೇಕು.