ಲೈಫ್‌ಲಿಂಕ್ ಇದ್ದರೂ ನಾನು ಸತ್ತೆನಾ? ಮ್ಯಾಜಿಕ್ ಆಡುವವರು ಸ್ವಲ್ಪ ಹೇಳಿ

ವಿನೋಬನಗರ, ಶಿವಮೊಗ್ಗದಿಂದ:

ಮ್ಯಾಜಿಕ್ ದ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟ ಆಡಿ ಗೊತ್ತಿರುವವರು ನಮ್ಮ ಮನೆಯ ಒಂದು ಜಗಳ ಬಿಡಿಸಿಕೊಡಿ. ಇಷ್ಟು ದಿನ ಫೋನಿನಲ್ಲಿ ಅದರದ್ದೇ ಆ್ಯಪ್ ಅರೀನಾ ಆಡುತ್ತಿದ್ದೆ. ಅಲ್ಲಿ ಲೆಕ್ಕವೆಲ್ಲ ಅದೇ ಮಾಡುತ್ತದೆ, ನಾವು ಸುಮ್ನೆ ಒತ್ತುತ್ತಾ ಹೋದರೆ ಆಯ್ತು. ಈಗ ನಿಜವಾದ ಕಾರ್ಡು ತರಿಸಿದ್ದೇನೆ. ಭಾನುವಾರ ಜಡಿಮಳೆ, ಕರೆಂಟಿಲ್ಲ. ಬೆಂಗಳೂರಿನಿಂದ ಭಾವ ಬಂದಿದ್ದರು. ಮೇಣದಬತ್ತಿ ಹಚ್ಚಿಕೊಂಡು ಕೂತೆವು. ಅವರು ಕಾಲೇಜಿನಲ್ಲಿದ್ದಾಗ, 2008ರ ಸುಮಾರಿಗೆ ಆಡಿದವರು.

ನನ್ನ ಲೈಫ್ 3, ಅದು ಸೊನ್ನೆಯಾದರೆ ಸತ್ತ ಹಾಗೆ. ಭಾವ ಎರಡು ಕ್ರೀಚರ್, ಅಂದರೆ ಕಾದಾಡುವ ಕಾರ್ಡ್, ಕಳಿಸಿದರು. ಒಂದನ್ನು ನನ್ನ 3/3 (3 ಹೊಡೆಯುತ್ತದೆ, 3 ಏಟು ತಿಂದರೆ ಸಾಯುತ್ತದೆ) ಲೈಫ್‌ಲಿಂಕ್ ಕ್ರೀಚರ್ ಬ್ಲಾಕ್ ಮಾಡಿತು. ಇನ್ನೊಂದರಿಂದ ನೇರ ನನಗೆ 4 ಡ್ಯಾಮೇಜ್. ಲೈಫ್‌ಲಿಂಕ್ ಅಂದರೆ ಆ ಕ್ರೀಚರ್ ಎಷ್ಟು ಡ್ಯಾಮೇಜ್ ಮಾಡುತ್ತದೋ ಅಷ್ಟು ಲೈಫ್ ನನಗೆ. ನನ್ನ ಲೆಕ್ಕ: 3ರಲ್ಲಿ 4 ಹೋಯ್ತು, 3 ಬಂತು, 2 ಉಳಿಯಿತು. ಭಾವ ಒಪ್ಪಲಿಲ್ಲ. "ಮೊದಲು ಏಟು ಬಿತ್ತು, ನೀನು ಸತ್ತೆ. ಆಮೇಲೆ ಲೈಫ್ ಬಂದರೆ ಹೆಣಕ್ಕೆ ಗ್ಲೂಕೋಸ್ ಹಾಕಿದ ಹಾಗೆ" ಅಂದರು. ಯಾರು ಸರಿ?

ಇನ್ನೊಂದು. ಅಜಾನೀಸ್ ಪ್ರೈಡ್‌ಮೇಟ್ ಅಂತ ಒಂದು 2/2 ಕಾರ್ಡ್ ಇದೆ. ನಮಗೆ ಲೈಫ್ ಬಂದಾಗಲೆಲ್ಲ ಅದರ ಮೇಲೆ ಒಂದು +1/+1 ಕೌಂಟರ್, ಅಂದರೆ 2/2 ಇದ್ದದ್ದು 3/3 ಆಯ್ತು ಅನ್ನುವ ಗುರುತು. ಎರಡು ಲೈಫ್‌ಲಿಂಕ್ ಕ್ರೀಚರ್ ಒಟ್ಟಿಗೆ ಹೊಡೆದರೆ ಕೌಂಟರ್ ಒಂದಾ, ಎರಡಾ?

ಸಾಗರದಿಂದ:

ನೀವು ಬದುಕಿದ್ದೀರಿ, ಲೈಫ್ 2. ಹಾಗಂತ ಭಾವನ ಮೇಲೆ ರೇಗಬೇಡಿ. ಅವರು ಆಡುತ್ತಿದ್ದ ಕಾಲಕ್ಕೆ ಅವರು ಹೇಳಿದ್ದೇ ಸರಿ!

ಲೈಫ್‌ಲಿಂಕ್ ಅನ್ನುವ ಹೆಸರು ಬಂದಿದ್ದು 2007ರಲ್ಲಿ, ಫ್ಯೂಚರ್ ಸೈಟ್ ಸೆಟ್‌ನಲ್ಲಿ. ಆಗ ಅದು ಟ್ರಿಗರ್, ಅಂದರೆ ಒಂದು ಘಟನೆ ಆದ ಮೇಲೆ ತಾನಾಗಿ ಏಳುವ ಎಫೆಕ್ಟ್. ಮೊದಲು ಡ್ಯಾಮೇಜ್ ಆಗಬೇಕು, ಅದರಿಂದ ಟ್ರಿಗರ್ ಏಳಬೇಕು, ಅದು ಸ್ಟ್ಯಾಕ್ (ನಡೆಯಲು ಕಾದಿರುವವುಗಳ ರಾಶಿ) ಮೇಲೆ ಹೋಗಿ ಇಳಿದ ಮೇಲೆ ಲೈಫ್. ಆದರೆ ಟ್ರಿಗರ್ ಸ್ಟ್ಯಾಕ್‌ಗೆ ಹತ್ತುವ ಮೊದಲೇ ಆಟ ಒಂದು ಸಲ ತಪಾಸಣೆ ಮಾಡುತ್ತದೆ. ಯಾರ ಲೈಫ್ ಸೊನ್ನೆಗೆ ಬಂತೋ ಅವರು ಔಟ್. 2009ರಲ್ಲಿ ಮ್ಯಾಜಿಕ್ 2010 ಸೆಟ್ ಬಂದಾಗ ಈ ನಿಯಮ ಬದಲಾಯಿತು. ಈಗ ಲೈಫ್‌ಲಿಂಕ್ ಟ್ರಿಗರ್ ಅಲ್ಲ. ಡ್ಯಾಮೇಜ್ ಆಗುವುದೂ ಲೈಫ್ ಬರುವುದೂ ಒಂದೇ ಏಟಿಗೆ. ತಪಾಸಣೆ ಅದಾದ ಮೇಲೆ.

ನಮ್ಮ ಮನೆ ಮಕ್ಕಳಿಗೆ ನಾನು ಹೇಳಿಕೊಟ್ಟಿದ್ದು ಹೀಗೆ. ಈಗಿನ ಲೈಫ್‌ಲಿಂಕ್ ಸಾರಿಗೆ ಹಾಕಿದ ಉಪ್ಪು, ತುತ್ತಿನ ಜೊತೆಗೇ ಬಾಯಿಗೆ ಹೋಗುತ್ತದೆ. ಟ್ರಿಗರ್ ಅಂದರೆ ಎಲೆ ತುದಿಗೆ ಬಡಿಸುವ ಉಪ್ಪು. ಬಡಿಸುವವನು ನಿಮ್ಮ ಎಲೆಯ ತನಕ ಬರಬೇಕು. ಅಷ್ಟರಲ್ಲಿ ನೀವು ಎದ್ದು ಕೈ ತೊಳೆದಿದ್ದರೆ ಸಿಗಲ್ಲ.

ಎಲೆ ತುದಿಯ ಉಪ್ಪು ಈಗಲೂ ಇದೆ. ಸ್ಪಿರಿಟ್ ಲಿಂಕ್ ಅಂತ ಹಳೇ ಕಾರ್ಡ್. ಕ್ರೀಚರ್‌ಗೆ ಅಂಟಿಸಿದರೆ ಅದು ಡ್ಯಾಮೇಜ್ ಮಾಡಿದಾಗಲೆಲ್ಲ ಅಷ್ಟೇ ಲೈಫ್ ಬರುತ್ತದೆ. ಅದರಲ್ಲಿ ಲೈಫ್‌ಲಿಂಕ್ ಅನ್ನುವ ಪದವಿಲ್ಲ, ಹಾಗಾಗಿ ಅದು ಇವತ್ತಿಗೂ ಟ್ರಿಗರ್. ಭಾನುವಾರ ನಿಮ್ಮ ಹತ್ತಿರ ಲೈಫ್‌ಲಿಂಕ್ ಬದಲು ಅದಿದ್ದಿದ್ದರೆ ನೀವು ಸತ್ತಿದ್ದಿರಿ. ಎರಡೂ ಒಂದೇ ಕ್ರೀಚರ್ ಮೇಲಿದ್ದರೆ ಎರಡೂ ಲೈಫ್ ಕೊಡುತ್ತವೆ. ಆದರೆ ಲೈಫ್‌ಲಿಂಕ್ ಮೇಲೆ ಇನ್ನೊಂದು ಲೈಫ್‌ಲಿಂಕ್ ಹಾಕಿದರೆ ಏನೂ ಜಾಸ್ತಿ ಸಿಗಲ್ಲ.

ನಾನು ಕಾರ್ಡ್ ಕೈಗೆ ಬಂದ ಕೂಡಲೇ ನೋಡುವುದು ಮೂರು ಪದ: ವೆನ್, ವೆನೆವರ್, ಆ್ಯಟ್. ಇವುಗಳಿಂದ ಶುರುವಾದರೆ ಟ್ರಿಗರ್.

ಪ್ರೈಡ್‌ಮೇಟ್‌ಗೆ ಎರಡು ಕೌಂಟರ್. ಒಂದೊಂದು ಕ್ರೀಚರ್‌ನಿಂದ ಬರುವ ಲೈಫ್ ಬೇರೆ ಬೇರೆ ಲೆಕ್ಕ. ಆದರೆ ಒಂದೇ ಲೈಫ್‌ಲಿಂಕ್ ಕ್ರೀಚರ್ ಇಬ್ಬರು ಬ್ಲಾಕರ್‌ಗಳಿಗೆ ಹಂಚಿ ಹೊಡೆದರೆ ಲೈಫ್ ಬರುವುದು ಒಂದೇ ಸಲ. ಕೌಂಟರೂ ಒಂದೇ.

ತೀರ್ಥಹಳ್ಳಿಯಿಂದ:

ಪ್ರೈಡ್‌ಮೇಟ್ ವಿಷಯದಲ್ಲಿ ನಾನು ಪೆಟ್ಟು ತಿಂದಿದ್ದು ಹೇಳುತ್ತೇನೆ. ಅದನ್ನೂ ಒಂದು ಲೈಫ್‌ಲಿಂಕ್ ಕ್ರೀಚರನ್ನೂ ಒಟ್ಟಿಗೆ ಕಳಿಸಿದೆ. ಎದುರಿನವನು 2/2 ತಂದು ಪ್ರೈಡ್‌ಮೇಟ್‌ಗೆ ಅಡ್ಡ ಇಟ್ಟ. ಲೈಫ್ ಬರುತ್ತದಲ್ಲ, ಪ್ರೈಡ್‌ಮೇಟ್ 3/3 ಆಗಿ ಉಳಿಯುತ್ತದೆ ಅಂತ ನಾನು. ಉಳಿಯಲಿಲ್ಲ. ಲೈಫ್ ಬರುವುದು ಡ್ಯಾಮೇಜ್ ಜೊತೆಗೇ ಸರಿ, ಆದರೆ ಕೌಂಟರ್ ಹಾಕುವುದು ಟ್ರಿಗರ್. ಅದು ಬರುವಷ್ಟರಲ್ಲಿ ಪ್ರೈಡ್‌ಮೇಟ್ ಸ್ಮಶಾನದಲ್ಲಿ.

ಆಮೇಲೆ ಬುದ್ಧಿ ಬಂತು. ಫಸ್ಟ್ ಸ್ಟ್ರೈಕ್ ಮತ್ತು ಲೈಫ್‌ಲಿಂಕ್ ಎರಡೂ ಇರುವ ಕ್ರೀಚರನ್ನು ಜೊತೆಗೆ ಕಳಿಸಲು ಶುರುಮಾಡಿದೆ. ಅದು ಮೊದಲ ಸುತ್ತಿನಲ್ಲೇ ಹೊಡೆಯುತ್ತದೆ, ಲೈಫ್ ಬರುತ್ತದೆ, ಕೌಂಟರ್ ಬೀಳುತ್ತದೆ. ಆಮೇಲೆ ಎರಡನೇ ಸುತ್ತಿನ ಡ್ಯಾಮೇಜ್. ಅಷ್ಟು ಹೊತ್ತಿಗೆ ಪ್ರೈಡ್‌ಮೇಟ್ 3/3. ಅದೇ 2/2 ಎದುರಿಗೆ ಬಂದರೆ ಅದೇ ಸಾಯುತ್ತದೆ. ಮೊದಲ ಸಲ ಹೀಗಾದಾಗ ಎದುರಿನವನು ಕಾರ್ಡ್ ಎತ್ತಿಕೊಂಡು ಕಣ್ಣಿಗೆ ಹತ್ತಿರ ಹಿಡಿದು ಎರಡೆರಡು ಸಲ ಓದಿದ. ಆ ಸುಖವೇ ಬೇರೆ.

ಕೌಂಟರ್‌ಗೆ ನಾವು ಅಳಗುಳಿಮಣೆಯ ಗುಲಗಂಜಿ ಬಳಸುತ್ತೇವೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ಬೇಡ, ಬಾಯಿಗೆ ಹಾಕಿಕೊಂಡರೆ ವಿಷ. ಹುಣಸೆ ಬೀಜ ಸಾಕು.

ಭದ್ರಾವತಿಯಿಂದ:

ಡೆತ್‌ಟಚ್ (ಅದರ ಏಟು ಎಷ್ಟೇ ಬಿದ್ದರೂ ಕ್ರೀಚರ್ ಸಾಯುತ್ತದೆ) ಕಥೆಯೂ ಇದೇ. ಮೊದಲು ಟ್ರಿಗರ್ ಆಗಿತ್ತು, 2009ರಿಂದ ಅಲ್ಲ. ಅದರ ಜೊತೆ ಟ್ರ್ಯಾಂಪಲ್ (ಬ್ಲಾಕರ್ ಸಾಯುವಷ್ಟು ಹೊಡೆದು ಮಿಕ್ಕಿದ್ದು ಎದುರಿನವನಿಗೆ) ಸೇರಿದರೆ ಬ್ಲಾಕರ್‌ಗೆ 1 ಡ್ಯಾಮೇಜ್ ಸಾಕು, ಮಿಕ್ಕಿದ್ದೆಲ್ಲ ಎದುರಿನವನ ತಲೆಗೆ. ನನ್ನ ತಮ್ಮ ಇದನ್ನು ನಂಬದೆ ಒಂದು ವಾರ ಮಾತು ಬಿಟ್ಟಿದ್ದ.

ಹೊಸನಗರದಿಂದ:

ಮೇಲಿನದನ್ನೆಲ್ಲ ಓದಿ ಕೀವರ್ಡ್ (ಲೈಫ್‌ಲಿಂಕ್ ಥರ ಹೆಸರಿಟ್ಟ ಗುಣ) ಇದ್ದರೆ ಟ್ರಿಗರ್ ಅಲ್ಲ ಅಂದುಕೊಂಡರೆ ಕಷ್ಟ ಮಾರಾಯ್ರೆ. ಕೆಲವು ಕೀವರ್ಡ್‌ಗಳ ಹೊಟ್ಟೆಯೊಳಗೇ ಟ್ರಿಗರ್ ಇರುತ್ತದೆ. ಪ್ರೊವೆಸ್ ಹಾಗೆ. 2021ರಲ್ಲಿ ಬಂದ ವಾರ್ಡ್ ಕೂಡ ಹಾಗೆಯೇ. ಕಾರ್ಡಿನ ಮೇಲೆ ಒಂದೇ ಪದ ಕಾಣುತ್ತದೆ, ಅದನ್ನು ಬಿಡಿಸಿ ಬರೆದರೆ ವೆನೆವರ್ ಸಿಗುತ್ತದೆ. ಆವರಣದಲ್ಲಿ ಓರೆ ಅಕ್ಷರದಲ್ಲಿ ವಿವರ ಇದ್ದರೆ ಓದಿ, ಸೋಮಾರಿತನ ಮಾಡಬೇಡಿ.

ನನ್ನ ಹತ್ತಿರ ಮೊನಾಸ್ಟರಿ ಸ್ವಿಫ್ಟ್‌ಸ್ಪಿಯರ್ ಇತ್ತು, 1/2, ಪ್ರೊವೆಸ್. ಕ್ರೀಚರ್ ಅಲ್ಲದ ಸ್ಪೆಲ್ ಹಾಕಿದಾಗಲೆಲ್ಲ ಆ ಸರದಿಗೆ +1/+1. ಸ್ಪೆಲ್ ಹಾಕಿದ ಕ್ಷಣವೇ 2/3 ಆಯ್ತು ಅಂತ ನಾನು ಹೇಳಿದೆ. ಎದುರಿನವರು ನಕ್ಕು ಶಾಕ್ ಅನ್ನುವ ಕಾರ್ಡ್ ಹಾಕಿದರು, 2 ಡ್ಯಾಮೇಜ್. ಸ್ಟ್ಯಾಕ್ ಅಂದರೆ ಅಮ್ಮ ತಟ್ಟೆಗೆ ದೋಸೆಯ ಮೇಲೆ ದೋಸೆ ಹಾಕಿದ ಹಾಗೆ. ಕೊನೆಗೆ ಬಿದ್ದದ್ದನ್ನೇ ಮೊದಲು ತಿನ್ನಬೇಕು. ಅಡಿಯಲ್ಲಿ ನನ್ನ ಸ್ಪೆಲ್, ಅದರ ಮೇಲೆ ಪ್ರೊವೆಸ್, ಎಲ್ಲದರ ಮೇಲೆ ಅವರ ಶಾಕ್. ಶಾಕ್ ಮೊದಲು ನಡೆಯಿತು. ಸ್ವಿಫ್ಟ್‌ಸ್ಪಿಯರ್ ಆಗಿನ್ನೂ 1/2, ಸತ್ತಿತು. ಪ್ರೊವೆಸ್ ಮುಗಿಯುವ ತನಕ ಕಾದು ಶಾಕ್ ಹಾಕಿದ್ದರೆ ಬದುಕುತ್ತಿತ್ತು.

ಇಬ್ಬರದೂ ಟ್ರಿಗರ್ ಒಟ್ಟಿಗೆ ಎದ್ದರೆ ಯಾರ ಸರದಿಯೋ ಅವರದ್ದು ಅಡಿಯಲ್ಲಿ ಹೋಗುತ್ತದೆ. ಅಂದರೆ ಎದುರಿನವರದ್ದು ಮೊದಲು ನಡೆಯುತ್ತದೆ. ಇದು ತಲೆಗೆ ಹತ್ತಲು ನನಗೆ ಒಂದು ಮಳೆಗಾಲ ಬೇಕಾಯ್ತು.

ಶಿವಮೊಗ್ಗದಿಂದ ಇನ್ನೊಬ್ಬರು:

ನಾನು ಆಡುವುದು ಯು-ಗಿ-ಓ ಅನ್ನುವ ಇನ್ನೊಂದು ಕಾರ್ಡ್ ಆಟ. ಅಲ್ಲಿ ಇನ್ನೂ ತಮಾಷೆ. ಇಫ್ ಅಂತ ಇದ್ದರೆ ಒಂದು ಥರ, ವೆನ್ ಅಂತ ಶುರುವಾಗಿ ಯು ಕ್ಯಾನ್ ಅಂತ ಇದ್ದರೆ ಇನ್ನೊಂದು ಥರ. ವೆನ್ ಆದರೆ ಆ ಘಟನೆಯೇ ಕೊನೆಯಲ್ಲಿ ಆಗಿರಬೇಕು. ಟ್ರಿಬ್ಯೂಟ್ ಸಮ್ಮನ್‌ಗೆ ಒಂದು ಮಾನ್‌ಸ್ಟರನ್ನು ಬಲಿ ಕೊಟ್ಟಿರಿ ಅನ್ನಿ. ಅದರಲ್ಲಿ ಸ್ಮಶಾನಕ್ಕೆ ಹೋದಾಗ ಬೇಕಿದ್ದರೆ ಬಳಸುವ ಎಫೆಕ್ಟ್ ಇದೆ. ಆದರೆ ಕೊನೆಗೆ ಆಗಿದ್ದು ಹೊಸ ಮಾನ್‌ಸ್ಟರ್ ಬಂದಿದ್ದು, ಹಳೆಯದು ಹೋಗಿದ್ದಲ್ಲ. ಎಫೆಕ್ಟ್ ಕೈತಪ್ಪಿತು. ಬಸ್ಸು ಹೋದ ಮೇಲೆ ಕೈ ತೋರಿಸಿದ ಹಾಗೆ. ಮ್ಯಾಜಿಕ್‌ನಲ್ಲಿ ಈ ಕಾಟ ಇಲ್ಲ, ನೀವು ಪುಣ್ಯವಂತರು.

ಸಾಗರದಿಂದ:

ಒಂದು ಬಿಟ್ಟುಹೋಯ್ತು. ಭಾವನ ಹಳೇ ಕಾರ್ಡಿನ ಮೇಲೆ ಲೈಫ್‌ಲಿಂಕ್ ಅಂತ ಅಚ್ಚಾಗಿದ್ದರೆ, ಅದು 2007ರದ್ದೇ ಆಗಿರಲಿ, ಇವತ್ತಿನ ನಿಯಮದಂತೆಯೇ ನಡೆಯುತ್ತದೆ. ಅನುಮಾನ ಬಂದರೆ ಈ ಆಟ ತಯಾರಿಸುವ ವಿಝರ್ಡ್ಸ್‌ನವರ ಗ್ಯಾದರರ್ ಜಾಲತಾಣದಲ್ಲಿ ಕಾರ್ಡಿನ ಈಗಿನ ಮಾತು ಸಿಗುತ್ತದೆ. ಮತ್ತೆ, ಕಾರ್ಡಿಗೆ ಸ್ಲೀವ್ ಹಾಕಿ. ನಮ್ಮ ಕಡೆ ಮಳೆಗೆ ಫಾಯಿಲ್ ಕಾರ್ಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ವಿನೋಬನಗರದಿಂದ:

ಎಲ್ಲರಿಗೂ ಥ್ಯಾಂಕ್ಸ್. ಭಾವನಿಗೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದೆ. "ನಿಯಮ ಬದಲಾಯಿಸಿದವರು ನನಗೆ ಒಂದು ಕಾಗದ ಹಾಕಬಾರದಿತ್ತಾ" ಅಂದರು. ಅವರ ಅಟ್ಟದ ಮೇಲಿನ ಡಬ್ಬಿಯಲ್ಲಿ ಸ್ಪಿರಿಟ್ ಲಿಂಕ್ ಎರಡು ಇದೆಯಂತೆ. ಹಬ್ಬಕ್ಕೆ ಬರುವಾಗ ತರುತ್ತಾರಂತೆ. ಈಗಲೇ ಹುಣಸೆ ಬೀಜ ತೊಳೆದು ಒಣಗಿಸಲು ಇಟ್ಟಿದ್ದೇನೆ, ಬಿಸಿಲೇ ಇಲ್ಲ.