ಸ್ಪೀಡು ಎರಡು ಪಟ್ಟು, ನಿಲ್ಲೋಕೆ ಜಾಗ ನಾಲ್ಕು ಪಟ್ಟು. ಯಾಕೆ?

ಹಳೇಸ್ಕೂಟರ್:
ಮಗಳು ಮೊದಲ ಪಿಯುಸಿ. ನಾನು ಓದಿದ್ದು ಕಾಮರ್ಸು. ಆದರೂ ಅವಳ ಫಿಸಿಕ್ಸ್ ಪುಸ್ತಕದ ಒಂದು ಸಾಲು ತಲೆ ತಿನ್ನುತ್ತಿದೆ. ವೇಗ ಎರಡು ಪಟ್ಟಾದರೆ ಚಲನ ಶಕ್ತಿ ನಾಲ್ಕು ಪಟ್ಟಂತೆ. ನಂಬಿಕೆ ಬರಲಿಲ್ಲ. ಭಾನುವಾರ ಬೆಳಗ್ಗೆ ಆರಕ್ಕೇ ಸ್ಕೂಟರ್ ತೆಗೆದುಕೊಂಡು ಲೇಔಟಿನ ಖಾಲಿ ರಸ್ತೆಗೆ ಹೋದೆವು. ಸುಣ್ಣದಲ್ಲಿ ಗೆರೆ ಎಳೆದೆವು. ಗೆರೆ ಮುಟ್ಟುತ್ತಲೇ ನಾನು ಬ್ರೇಕ್ ಹಿಡಿಯೋದು, ಅವಳು ಟೇಪ್ ಹಿಡಿಯೋದು. 20ರಲ್ಲಿ ಬಂದಾಗ 3 ಮೀಟರಿಗೆ ನಿಂತಿತು. 40ರಲ್ಲಿ 12 ಮೀಟರ್ ಚಿಲ್ಲರೆ! (ಹಾಲಿನವನು ನಿಂತು ನೋಡಿ ನಕ್ಕು ಹೋದ.) ಬ್ರೇಕು ಅದೇ, ಕೈಯೂ ಅದೇ. ನನ್ನ ಲೆಕ್ಕಕ್ಕೆ 6 ಆಗಬೇಕಿತ್ತು. ಸೂತ್ರ ಬೇಡ, ಅದು ಪುಸ್ತಕದಲ್ಲೇ ಇದೆ. ಆ ಜಾಸ್ತಿ 6 ಮೀಟರ್ ಎಲ್ಲಿಂದ ಬಂತು ಹೇಳಿ.

ಪಿಯು ಮೇಷ್ಟ್ರು:
ಸಾರ್, ನಿಮ್ಮ ಊಹೆ ಪೂರ್ತಿ ತಪ್ಪಲ್ಲ. ಎರಡು ಪಟ್ಟಾಗುವುದು ಒಂದಿದೆ, ಅದು ಸಮಯ. 20ರಿಂದ ನಿಲ್ಲಲು ನಿಮಗೆ 1.1 ಸೆಕೆಂಡ್ ಹಿಡಿದಿದೆ, 40ರಿಂದ 2.2. ಈ 2.2ನ್ನು ಎರಡು ತುಂಡು ಮಾಡಿ. ಮೊದಲ ತುಂಡಿನಲ್ಲಿ 40ರಿಂದ 20ಕ್ಕೆ ಇಳಿದಿರಿ, ಸರಾಸರಿ 30. ಎರಡನೆಯದರಲ್ಲಿ 20ರಿಂದ ಸೊನ್ನೆಗೆ, ಸರಾಸರಿ 10. ಹೊತ್ತು ಒಂದೇ, ಓಟ ಮೂರು ಪಟ್ಟು. ಮೊದಲು 9 ಮೀಟರ್, ಆಮೇಲೆ 3.

ಗಾಡಿ ನಿಲ್ಲಬೇಕಾದರೆ ಅದರ ಚಲನ ಶಕ್ತಿಯಷ್ಟೇ ಕೆಲಸವನ್ನು ತಡೆಯುವ ಬಲ ಮಾಡಬೇಕು. ಕೆಲಸ ಅಂದರೆ ಬಲ ಗುಣಿಸು ದೂರ. ಹೊತ್ತಿಗೆ ಅಲ್ಲಿ ಜಾಗವಿಲ್ಲ. ನೀವು, ಸ್ಕೂಟರ್ ಸೇರಿ 180 ಕೆಜಿ ಅಂತಿಟ್ಟುಕೊಳ್ಳಿ. ತಡೆದ ಬಲ ಹೆಚ್ಚುಕಡಿಮೆ 900 ನ್ಯೂಟನ್. 3.1 ಮೀಟರಿಗೆ ಆದ ಕೆಲಸ 2,800 ಜೂಲ್ (ಶಕ್ತಿಯ ಅಳತೆ), 12.3 ಮೀಟರಿಗೆ 11,100. ಈಗ ಪುಸ್ತಕದ ಸೂತ್ರಕ್ಕೆ ಹಾಕಿ ನೋಡಿ, ಅದೇ ಬರುತ್ತೆ.

ಚರಿತ್ರೆಹುಚ್ಚ:
ಇದು ನಿಮ್ಮೊಬ್ಬರ ಗೊಂದಲ ಅಲ್ಲ ಬಿಡಿ. ಲೆಕ್ಕಕ್ಕೆ ಬರೋದು ವೇಗವೋ, ವೇಗದ ವರ್ಗವೋ ಅಂತ ಯುರೋಪಿನ ಪಂಡಿತರು ವರ್ಷಗಟ್ಟಲೆ ಕಿತ್ತಾಡಿದ್ದಾರೆ. ಲೈಬ್‌ನಿಟ್ಸ್ ಅನ್ನೋ ಜರ್ಮನ್ ಗಣಿತಜ್ಞ ವರ್ಗದ ಕಡೆ. 1722ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನು ಮೆತ್ತನೆ ಜೇಡಿಮಣ್ಣಿಗೆ ಬೀಳಿಸಿ ನೋಡಿದ. ಎರಡು ಪಟ್ಟು ವೇಗದಲ್ಲಿ ಬಿದ್ದ ಗುಂಡು ನಾಲ್ಕು ಪಟ್ಟು ಗುಳಿ ಮಾಡಿತು. ಅವನದು ಜೇಡಿಮಣ್ಣು, ನಿಮ್ಮದು ಸುಣ್ಣ.

ಗ್ಯಾರೇಜಣ್ಣ:
ಮೇಷ್ಟ್ರ ಲೆಕ್ಕ ಸರಿ. ಒಂದೇ ತಕರಾರು: ಚಕ್ರ ಜಾರದೆ ಉರುಳುತ್ತಿದ್ದರೆ ಆ ಜೂಲ್‌ಗಳು ರಸ್ತೆಗೆ ಹೋಗಲ್ಲ. ಟೈರು ನೆಲಕ್ಕೆ ತಾಗಿದ ಜಾಗ ಆ ಕ್ಷಣಕ್ಕೆ ಜಾರದೆ ನಿಂತೇ ಇರುತ್ತೆ. ಬಿಸಿಯಾಗೋದು ಬ್ರೇಕ್ ಶೂ, ಡ್ರಮ್ಮು. ಘಾಟಿ ಇಳಿದು ಬಂದ ಗಾಡಿಯ ಡ್ರಮ್ ಮುಟ್ಟಿ ನೋಡಿ. ಬೇಡ, ಮುಟ್ಟಬೇಡಿ.

ಹಳೇಸ್ಕೂಟರ್:
9 ಮತ್ತು 3! ಈಗ ಕೂತಿತು ಮೇಷ್ಟ್ರೇ. ಮಗಳಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, “ಹಾಗಾದ್ರೆ 3, 9, ಮುಂದಿನದು 15 ಅಲ್ವಾ ಅಪ್ಪ? 60ಕ್ಕೆ ನಮ್ಮ ರಸ್ತೆ ಸಾಲಲ್ಲ” ಅಂದಳು. ಕೀ ಈಗ ಅವಳ ಹತ್ತಿರ ಇದೆ, ನನಗೆ ಕೊಡುತ್ತಿಲ್ಲ.